ಮಡಚುಚಾಕು: ಹದದ ಮೊದಲನೆಯ ಪಾಠ

ಅಂಗೈಯಲ್ಲಿ ಅಡಗುವ ಮಡಚುಚಾಕು ನೋಡುವುದಕ್ಕೆ ಅತ್ಯಲ್ಪವಾದ ವಸ್ತು. ಅಲಗು ಒಂದು, ಹಿಡಿ ಒಂದು, ಅವೆರಡನ್ನೂ ಕೂಡಿಸುವ ಅಚ್ಚು ಒಂದು. ಇಷ್ಟೇ ಅದರ ಮುಖ್ಯಾಂಗಗಳು. ಆದರೂ ಕಬ್ಬಿಣದ ಕೆಲಸವನ್ನು ಕಲಿಯತೊಡಗಿದವನಿಗೆ ಮಚ್ಚು, ಕುಡುಗೋಲುಗಳಿಗಿಂತ ಈ ಪುಟ್ಟ ವಸ್ತುವೇ ಕಠಿನತರವಾದ ಪರೀಕ್ಷೆಯನ್ನು ಒಡ್ಡುತ್ತದೆ. ಮಚ್ಚಿನ ಅಲಗು ಕೊಂಚ ಓರೆಯಾದರೂ ತೆಂಗಿನ ಗರಿಯನ್ನು ಕತ್ತರಿಸದೆ ಬಿಡದು. ಮಡಚುಚಾಕಿನ ಅಲಗು ಸ್ವಲ್ಪವೇ ಓರೆಯಾದರೂ ಹಿಡಿಯೊಳಗೆ ಕೂರದು. ಬಿಚ್ಚಿದಾಗ ಅದು ನೇರವಾಗಿ ನಿಲ್ಲಬೇಕು. ಮಡಚಿದಾಗ ಬಾಯಿಯೂ ಮೊನೆಯೂ ಪೂರ್ಣವಾಗಿ ಮರೆಯಾಗಬೇಕು. ಈ ಎರಡು ಧರ್ಮಗಳನ್ನು ಒಂದೇ ಅಚ್ಚಿನ ಮೇಲೆ ಹೊಂದಿಸುವುದೇ ಈ ಕೆಲಸದ ಸಾರ. ಕಮ್ಮಾರನ ಬೆಂಕಿ, ಬಡಗಿಯ ಮರ, ಕಂಚುಗಾರನ ಹಿತ್ತಾಳೆ, ಹೀಗೆ ಪಂಚಾಳರ ಐದು ಕಸುಬುಗಳಲ್ಲಿ ಮೂರು ಇಲ್ಲಿ ಒಂದು ಅಂಗೈಯಗಲದಲ್ಲಿ ಸೇರುತ್ತವೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯ ಬದುಕು ಅಲಗನ್ನು ನಂಬಿದ ಬದುಕು. ಗೊನೆ ಇಳಿಸುವುದಕ್ಕೆ ಅಲಗು ಬೇಕು. ಕಾಯಿ ಸುಲಿಯುವುದಕ್ಕೆ ನೆಲದಲ್ಲಿ ನೆಟ್ಟ ಕಬ್ಬಿಣದ ಮೊನೆ ಬೇಕು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ, ನೀರು ಇಂಗಿ, ಅಲುಗಾಡಿಸಿದರೆ ಸದ್ದು ಮಾಡುವ ಕೊಬ್ಬರಿ ಗಿಟುಕನ್ನು ಮುಕ್ಕಾಗದಂತೆ ಕರಟದಿಂದ ಬಿಡಿಸುವುದಕ್ಕೆ ಮಚ್ಚು ಬೇಕು. ಈ ಉಪಕರಣಗಳೆಲ್ಲ ಹಿಂದೆ ಊರ ಕುಲುಮೆಯಲ್ಲಿಯೇ ಹುಟ್ಟುತ್ತಿದ್ದವು. ಮೊಂಡಾದಾಗ ಅಲ್ಲಿಯೇ ಹದ ಹಾಕಿಸಿಕೊಳ್ಳುತ್ತಿದ್ದವು. ಕಮ್ಮಾರನು ಊರಿನ ಆಯಗಾರರಲ್ಲಿ ಒಬ್ಬನಾಗಿ, ಸುಗ್ಗಿಯ ಕಾಲದಲ್ಲಿ ಕಣದಿಂದ ತನ್ನ ಪಾಲಿನ ಧಾನ್ಯವನ್ನು ಪಡೆಯುತ್ತಿದ್ದನು. ಇಂದು ನೇಗಿಲ ಗುಳದ ಕೆಲಸವನ್ನು ಟ್ರ್ಯಾಕ್ಟರು ತೆಗೆದುಕೊಂಡಿದೆ. ಸಿದ್ಧಪಡಿಸಿದ ಮಚ್ಚು, ಚಾಕುಗಳು ಅಂಗಡಿಯಲ್ಲಿ ದೊರೆಯುತ್ತವೆ. ಆರಿದ ಕುಲುಮೆಯೊಂದಿಗೆ ಒಂದು ಬಗೆಯ ವಿದ್ಯೆಯೂ ಆರುತ್ತದೆ. ಆ ವಿದ್ಯೆ ಯಾವುದು, ಅದನ್ನು ಬಾಲಕನೊಬ್ಬನು ತನ್ನ ಮೊದಲನೆಯ ಮಡಚುಚಾಕನ್ನು ಮಾಡುತ್ತ ಹೇಗೆ ಪಡೆಯಬಲ್ಲನು ಎಂಬುದೇ ಪ್ರಕೃತ ಲೇಖನದ ವಿಷಯ.

ಶಬ್ದವಿಚಾರ

ಚಾಕು ಎಂಬುದು ಪಾರಸಿಯಿಂದ ಹಿಂದೂಸ್ಥಾನಿಯ ಮೂಲಕ ಕನ್ನಡಕ್ಕೆ ಬಂದ ಮಾತು. ಚೂರಿ, ಸುರಗಿಗಳು ಸಂಸ್ಕೃತದ ಛುರಿಕೆಯ ಬಂಧುಗಳು. ಆದರೆ ಅಲಗು, ಹಿಡಿ, ಮೊನೆ, ಬಾಯಿ, ಬೆನ್ನು, ಕುಲುಮೆ, ತಿದಿ, ಅರ, ಉಕ್ಕು ಮುಂತಾದ, ಕೆಲಸದ ನಡುವೆ ಬಳಸುವ ಮಾತುಗಳು ಮನೆಯವು. ಇವೆಲ್ಲಕ್ಕೂ ಮೇಲಾಗಿ ನಿಲ್ಲುವ ಶಬ್ದ 'ಹದ'. ಮಳೆ ಬಿದ್ದ ನೆಲಕ್ಕೆ ಹದ, ಬೆಲ್ಲದ ಪಾಕಕ್ಕೆ ಹದ, ಕತ್ತಿಯ ಬಾಯಿಗೆ ಹದ, ಆಡುವ ಮಾತಿಗೂ ಹದ. ಅತಿಯೂ ಆಗದೆ ಕೊರತೆಯೂ ಆಗದೆ, ಆಯಾ ವಸ್ತುವು ತನ್ನ ಕೆಲಸಕ್ಕೆ ತಕ್ಕುದಾಗಿ ಒದಗುವ ಸ್ಥಿತಿಯೇ ಹದ. ಅದನ್ನು ಲಕ್ಷಣ ಹೇಳಿ ತಿಳಿಸುವುದು ಕಷ್ಟ. ಕೈಯಾರೆ ಮಾಡಿಸಿ ತಿಳಿಸುವುದು ಸಾಧ್ಯ.

ಅಕ್ಷರವಿದ್ಯೆಗೂ ಚೂರಿಗೂ ಇರುವ ನಂಟು ಹಳೆಯದು. ಓಲೆಗರಿಯ ಕಾಲದಲ್ಲಿ ಬರೆಯುವವನಿಗೆ ಗರಿಯನ್ನು ಅಳತೆಗೆ ಕತ್ತರಿಸಿ ಅಂಚು ಸಮಮಾಡುವುದಕ್ಕೆ ಚೂರಿ ಬೇಕು. ಅಕ್ಷರ ಕೊರೆಯುವುದಕ್ಕೆ ಉಕ್ಕಿನ ಕಂಟ ಬೇಕು. ದಕ್ಷಿಣ ಭಾರತದ ಹಳೆಯ ಕಂಟಗಳಲ್ಲಿ ಕೆಲವು ಈ ಎರಡನ್ನೂ ಒಂದೇ ಹಿಡಿಯೊಳಗೆ ಮಡಚಿಡುವಂತೆ ಮಾಡಿದವು. ಕಾಗದ ಬಂದ ಮೇಲೆ ಗರಿಯ ಲೇಖನಿಯನ್ನು ಕೆತ್ತುವುದಕ್ಕೆ ಚಾಕು ಬೇಕಾಯಿತು. ಅನಂತರ ಪೆನ್ಸಿಲಿಗೆ ಬೇಕಾಯಿತು. ಆದುದರಿಂದ ಮಡಚುಚಾಕು ಓದುಬರಹದ ಮನೆಗೆ ಪರಕೀಯವಾದುದಲ್ಲ. ಇನ್ನು ಎರಡು ಅಂಗಗಳು ಒಂದು ಅಚ್ಚಿನ ಮೇಲೆ ತಿರುಗುವ ರಹಸ್ಯವಂತೂ ಎಲೆಅಡಿಕೆಯ ತಟ್ಟೆಯಲ್ಲಿರುತ್ತಿದ್ದ ಅಡಕತ್ತರಿಯ ಮೂಲಕ ಮನೆಮನೆಗೂ ಪರಿಚಿತವಾಗಿತ್ತು.

ಸೀಮೆಯ ಕಬ್ಬಿಣ

ಈ ಸೀಮೆಗೆ ಕಬ್ಬಿಣವು ಹೊರಗಿನಿಂದ ಬಂದ ವಸ್ತುವಲ್ಲ. 1800ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಚಿಕ್ಕನಾಯಕನಹಳ್ಳಿಯ ಸಮೀಪದ ಬೆಟ್ಟದಲ್ಲಿ ಕಬ್ಬಿಣದ ಅದಿರು ತೆಗೆಯುತ್ತಿದ್ದುದನ್ನು ದಾಖಲಿಸಿದ್ದಾನೆ. ಆತನ ಪ್ರವಾಸಕಥನ 1807ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಮೈಸೂರು ಸೀಮೆಯ ಬೇರೆ ಕಡೆಗಳಲ್ಲಿ ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡನ್ನೂ ತಂಗಡಿಯ ಕಡ್ಡಿಯನ್ನೂ ಹಸುರೆಲೆಯನ್ನೂ ಇಟ್ಟು, ಬಾಯಿಕಟ್ಟಿ ಕಾಯಿಸಿ ಉಕ್ಕು ಮಾಡುತ್ತಿದ್ದರು. ಕಡ್ಡಿಯ ಇಂಗಾಲವು ಕಬ್ಬಿಣದಲ್ಲಿ ಸೇರುವುದೇ ಈ ಕ್ರಿಯೆಯ ಮರ್ಮ. ಭಾರತದ ಇಂಥ ಉಕ್ಕಿಗೆ ಯುರೋಪಿನವರು ಇಟ್ಟ ವೂಟ್ಸ್ ಎಂಬ ಹೆಸರು ನಮ್ಮ 'ಉಕ್ಕು' ಶಬ್ದದಿಂದಲೇ ಬಂದುದೆಂದು ಸಾಮಾನ್ಯವಾಗಿ ಅಂಗೀಕೃತವಾಗಿದೆ.

ಇಲ್ಲಿ ಒಂದು ಸಂಗತಿ ಗಮನಾರ್ಹವಾಗಿದೆ. ಮುಂಬಯಿಯಲ್ಲಿದ್ದ ವೈದ್ಯ ಹೆಲೆನಸ್ ಸ್ಕಾಟ್ ಎಂಬುವನು 1794ರಲ್ಲಿ ಈ ಉಕ್ಕಿನ ಮಾದರಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸನಿಗೆ ಕಳುಹಿಸಿದನು. ಅದನ್ನು ಪರೀಕ್ಷಿಸಿದ ಜಾರ್ಜ್ ಪಿಯರ್ಸನ್ 1795ರಲ್ಲಿ ಪ್ರಬಂಧವನ್ನು ಮಂಡಿಸಿದನು. ಆ ಪರೀಕ್ಷೆಯ ಅಂಗವಾಗಿ ಜೇಮ್ಸ್ ಸ್ಟೋಡಾರ್ಟ್ ಎಂಬ ಚಾಕುಗಾರನು ಒಂದು ತುಂಡು ಉಕ್ಕನ್ನು ಬಡಿದು ಮಾಡಿದ್ದು ಲೇಖನಿ ಕೆತ್ತುವ ಒಂದು ಚಾಕನ್ನು! ಅದಕ್ಕೆ ತಕ್ಕ ಹದ ಬಂದದ್ದು 450 ಡಿಗ್ರಿ ಫಾರನ್‌ಹೀಟ್, ಎಂದರೆ ಸುಮಾರು 232 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ಮುಂದೆ ಈ ಸ್ಟೋಡಾರ್ಟನೂ ಕಮ್ಮಾರನ ಮಗನಾದ ಮೈಕೆಲ್ ಫ್ಯಾರಡೆಯೂ ಕೂಡಿ ಉಕ್ಕಿನ ಮೇಲೆ ಪ್ರಯೋಗಗಳನ್ನು ನಡೆಸಿ 1820 ಮತ್ತು 1822ರಲ್ಲಿ ಪ್ರಬಂಧಗಳನ್ನು ಪ್ರಕಟಿಸಿದರು. ನಮ್ಮ ದೇಶದ ಕುಲುಮೆಯ ವಸ್ತುವನ್ನು ಅಂದಿನ ವಿಜ್ಞಾನವು ಒಂದು ಪುಟ್ಟ ಚಾಕಿನ ಬಾಯಿಯಿಂದ ಅಳೆದು ನೋಡಿತೆಂಬುದನ್ನು ವಾಚಕರು ನೆನಪಿಡಬೇಕು. 232 ಡಿಗ್ರಿ ಎಂಬ ಆ ಅಂಕಿ ಮುಂದೆ ಮತ್ತೆ ಬರುತ್ತದೆ.

ರಟ್ಟಿನ ಮಾದರಿ

ಕೆಲಸವು ಕಬ್ಬಿಣದಿಂದ ಆರಂಭವಾಗುವುದಿಲ್ಲ, ರಟ್ಟಿನಿಂದ ಆರಂಭವಾಗುತ್ತದೆ. ಮೊದಲ ಚಾಕಿಗೆ ಬುಗುಟೆಯಾಗಲಿ ಸ್ಪ್ರಿಂಗಾಗಲಿ ಬೇಡ. ಅಲಗು, ಎರಡು ಹಿಡಿಹಲಗೆಗಳು, ಅವುಗಳ ನಡುವೆ ಬೆನ್ನಿನ ಕಡೆ ಒಂದು ನಡುಪಟ್ಟಿ, ತಿರುಗುವ ಅಚ್ಚು ಒಂದು, ನಡುಪಟ್ಟಿಯನ್ನು ಹಿಡಿಯುವ ಮೊಳೆಗಳು ಎರಡು, ಇಷ್ಟೇ ಸಾಕು. ಅಲಗು ಎರಡು ಅಂಗುಲ, ಹಿಡಿ ಮೂರು ಅಂಗುಲವಿದ್ದರೆ ಬಾಲಕನ ಕೈಗೆ ಒಗ್ಗುತ್ತದೆ.

ಅಲಗಿನ ಹಾಗೂ ಹಿಡಿಯ ಆಕಾರಗಳನ್ನು ದಪ್ಪ ರಟ್ಟಿನಲ್ಲಿ ಕತ್ತರಿಸಿ, ಅಚ್ಚಿರಬೇಕಾದ ಸ್ಥಳದಲ್ಲಿ ಗುಂಡುಸೂಜಿಯನ್ನು ಚುಚ್ಚಿ ತಿರುಗಿಸಿ ನೋಡಬೇಕು. ಮಡಚಿದಾಗ ಮೊನೆ ಹಿಡಿಯೊಳಗೆ ಅಡಗುವುದೇ? ಬಾಯಿಯು ನಡುಪಟ್ಟಿಗೆ ತಗುಲದೆ ಕೊಂಚ ಎಡೆಯುಳಿಯುವುದೇ? ಅಚ್ಚಿನ ಹಿಂದಕ್ಕೆ ಅಲಗಿನಲ್ಲಿ ಒಂದು ಚಿಕ್ಕ ಬಾಲವನ್ನು ಬಿಡಬೇಕು. ಮಡಚಿದಾಗ ಅದು ಹಿಡಿಯ ತಲೆಯಿಂದ ಹೊರಚಾಚಿರುತ್ತದೆ. ಅದನ್ನು ಹೆಬ್ಬೆರಳಿನಿಂದ ಒತ್ತಿದರೆ ಅಲಗು ಎದ್ದು ಬರುತ್ತದೆ. ಬಿಚ್ಚಿದಾಗ ಅದೇ ಬಾಲವು ನಡುಪಟ್ಟಿಯ ಮೇಲೆ ಒರಗಿ, ಅಲಗು ಇನ್ನೂ ಹಿಂದಕ್ಕೆ ಹೊರಳದಂತೆ ತಡೆಯುತ್ತದೆ. ಗುಂಡುಸೂಜಿಯನ್ನು ಜೋಳದ ಕಾಳಿನಷ್ಟು ಅತ್ತಿತ್ತ ಸರಿಸಿದರೂ ಈ ಮೂರು ಸಂಬಂಧಗಳೂ ಬದಲಾಗುತ್ತವೆ. ಜ್ಯಾಮಿತಿಯ ಪುಸ್ತಕದಲ್ಲಿ ವೃತ್ತಕೇಂದ್ರವೆಂದು ಓದಿದ್ದು ಇಲ್ಲಿ ಬೆರಳಿಗೆ ತಾಗುತ್ತದೆ. ನಾಲ್ಕೈದು ರಟ್ಟುಗಳು ಕೆಡಬಹುದು, ಕೆಡಲಿ. ರಟ್ಟಿನಲ್ಲಿ ಕಂಡ ದೋಷಕ್ಕೆ ಬೆಲೆಯಿಲ್ಲ. ಉಕ್ಕಿನಲ್ಲಿ ಕಂಡ ದೋಷಕ್ಕೆ ಮೂರು ದಿನದ ದುಡಿಮೆಯೇ ಬೆಲೆ.

ಅಲಗು

ಕಬ್ಬಿಣವೆಲ್ಲ ಅಲಗಾಗುವುದಿಲ್ಲ. ಕಟ್ಟಡದ ಕಂಬಿಯಲ್ಲಿ ಇಂಗಾಲ ಅತ್ಯಲ್ಪ. ಎಷ್ಟು ಕಾಯಿಸಿ ಅದ್ದಿದರೂ ಅದು ಚಾಕಿಗೆ ತಕ್ಕಷ್ಟು ಗಡುಸಾಗದು. ಲಾರಿಯ ಸ್ಪ್ರಿಂಗುಪಟ್ಟಿಯಲ್ಲಿ ನೂರಕ್ಕೆ ಅರ್ಧ ಭಾಗಕ್ಕಿಂತ ತುಸು ಹೆಚ್ಚು ಇಂಗಾಲವಿರುವುದರಿಂದ ಹಳ್ಳಿಯ ಕುಲುಮೆಗಳಲ್ಲಿ ಮಚ್ಚು, ಕುಡುಗೋಲುಗಳಿಗೆ ಅದು ಮೆಚ್ಚಿನ ವಸ್ತುವಾಗಿದೆ. ಚಿಕ್ಕ ಚಾಕಿಗೆ ಹಲ್ಲು ಸವೆದ ಹಳೆಯ ಅರವೇ ಉತ್ತಮ. ಒಳ್ಳೆಯ ಅರದಲ್ಲಿ ಇಂಗಾಲವು ನೂರಕ್ಕೆ ಒಂದು ಭಾಗಕ್ಕೂ ಮಿಗಿಲಾಗಿರುತ್ತದೆ.

ಅರವು ಗಾಜಿನಂತೆ ಗಡುಸು. ಆದ್ದರಿಂದ ಮೊದಲು ಅದರ ಬಿಗುವನ್ನು ಬಿಡಿಸಬೇಕು. ಕುಲುಮೆಯಲ್ಲಿ ಕೆಂಪಾಗುವಂತೆ ಕಾಯಿಸಿ, ಒಣಬೂದಿಯ ರಾಶಿಯಲ್ಲಿ ಹೂತು, ರಾತ್ರಿಯಿಡೀ ಮೆಲ್ಲಗೆ ಆರಲು ಬಿಟ್ಟರೆ ಮರುದಿನ ಅದು ಮತ್ತೊಂದು ಅರಕ್ಕೆ ಮಣಿಯುತ್ತದೆ. ಉರುವಲಿಗೆ ಈ ಸೀಮೆಯವರು ಅಲೆಯಬೇಕಾಗಿಲ್ಲ. ತೆಂಗಿನ ಕರಟದ ಇದ್ದಿಲು ಹೊಗೆ ಕಡಿಮೆಯಾಗಿ ತೀಕ್ಷ್ಣವಾದ ಶಾಖವನ್ನು ಕೊಡುತ್ತದೆ.

ರಟ್ಟಿನ ಮಾದರಿಯನ್ನು ಉಕ್ಕಿನ ಮೇಲಿಟ್ಟು ಗೀಚಿ, ಅಚ್ಚಿನ ರಂಧ್ರವನ್ನು ಎಲ್ಲಕ್ಕೂ ಮೊದಲು ಕೊರೆಯಬೇಕು. ಆ ರಂಧ್ರವೇ ಮಿಕ್ಕ ಅಳತೆಗಳಿಗೆಲ್ಲ ಆಧಾರ. ಅಲ್ಲದೆ ಅಲಗು ಗಡುಸಾದ ಮೇಲೆ ಕೊರೆಯುವುದು ದುಸ್ಸಾಧ್ಯ. ಅನಂತರ ವೈಸಿನಲ್ಲಿ ಬಿಗಿದು ಅರದಿಂದ ಆಕಾರ ಕೊಡಬೇಕು. ಅರವು ಮುಂದಕ್ಕೆ ಹೋಗುವಾಗ ಮಾತ್ರ ಒತ್ತಬೇಕು, ಹಿಂದಕ್ಕೆ ಬರುವಾಗ ಎತ್ತಬೇಕು ಎಂಬ ಸಣ್ಣ ನಿಯಮವನ್ನು ಕೈ ಕಲಿಯುವುದಕ್ಕೆ ಒಂದು ದಿನ ಬೇಕಾಗುತ್ತದೆ. ಎರಡು ಪಕ್ಕಗಳಿಂದಲೂ ಬಾಯಿಯ ಕಡೆಗೆ ಸಮನಾಗಿ ಇಳಿಸುತ್ತ ಬರಬೇಕು. ಆದರೆ ಬಾಯಿಯನ್ನು ಈಗಲೇ ಹರಿತ ಮಾಡಲಾಗದು. ನಾಣ್ಯದ ಅಂಚಿನ ಅರ್ಧದಷ್ಟು ದಪ್ಪ ಉಳಿದಿರಬೇಕು. ಇಲ್ಲವಾದರೆ ಮುಂದಿನ ಬೆಂಕಿಯಲ್ಲಿ ಬಾಯಿ ಸೊಟ್ಟಾಗುತ್ತದೆ ಅಥವಾ ಸುಡುತ್ತದೆ.

ಗಡುಸು ಮತ್ತು ಹದ

ಈಗ ಬರುವುದು ಕೆಲಸದ ಹೃದಯಭಾಗ. ಇಲ್ಲಿ ಕಮ್ಮಾರನು ಪಕ್ಕದಲ್ಲಿರಲೇಬೇಕು. ಕುಲುಮೆಯ ಮನೆ ಮಬ್ಬಾಗಿರುವುದು ಬಡತನದಿಂದಲ್ಲ. ಬಿಸಿಲಿನಲ್ಲಿ ಉಕ್ಕಿನ ಕೆಂಪು ಕಣ್ಣಿಗೆ ಸರಿಯಾಗಿ ಕಾಣದು. ತಿದಿಯೊತ್ತುತ್ತ ಅಲಗನ್ನು ಸಮನಾಗಿ ಕಾಯಿಸಿದರೆ ಮೊದಲು ಕಂದುಗೆಂಪು, ಬಳಿಕ ಹಣ್ಣುಗೆಂಪು ಬರುತ್ತದೆ. ಉಕ್ಕಿಗೆ ಒಂದು ವಿಚಿತ್ರ ಗುಣವಿದೆ. ಸುಮಾರು 770 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಅಯಸ್ಕಾಂತವು ಅದನ್ನು ಸೆಳೆಯುವುದಿಲ್ಲ. ಕಣ್ಣು ಪಳಗದ ಕಲಿಗನಿಗೆ ಇದೇ ಸಾಕ್ಷಿ. ಸೆಳೆತ ನಿಂತ ಮೇಲೆ ಇನ್ನು ಸ್ವಲ್ಪವೇ ಕಾಯಿಸಿ, ಇಕ್ಕಳದಿಂದ ಹಿಡಿದು, ಉಗುರುಬೆಚ್ಚಗಿಂತ ತುಸು ಬಿಸಿಯಾದ ಎಣ್ಣೆಯಲ್ಲಿ ನೇರವಾಗಿ ಇಳಿಸಬೇಕು. ನೀರಿನಲ್ಲಿ ಅದ್ದಿದರೆ ತೆಳುವಾದ ಅಲಗು ಬಿರುಕು ಬಿಡುವ ಭಯವುಂಟು. ಹೊಂಗೆ ಎಣ್ಣೆ ಅಥವಾ ಕೊಬ್ಬರಿ ಎಣ್ಣೆ ಮೃದುವಾಗಿ ತಣಿಸುತ್ತದೆ. ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟುವುದಾದ್ದರಿಂದ ಕರಗಿಸಿ ಬೆಚ್ಚಗೆ ಮಾಡಿಕೊಂಡಿರಬೇಕು. ಎಣ್ಣೆಯ ಪಾತ್ರೆಗೆ ಮುಚ್ಚಳವೂ ಪಕ್ಕದಲ್ಲಿ ಮರಳೂ ಸಿದ್ಧವಿರಬೇಕು.

ತಣಿದ ಅಲಗಿನ ಮೇಲೆ ಅರವಾಡಿಸಿದರೆ ಅದು ಕಚ್ಚದೆ ಜಾರುತ್ತದೆ. ಅಲಗು ಗಡುಸಾಯಿತು. ಆದರೆ ಚಾಕು ಸಿದ್ಧವಾಯಿತೆಂದು ಬಗೆಯಬಾರದು. ಈ ಸ್ಥಿತಿಯಲ್ಲಿ ಅದನ್ನು ಕಲ್ಲಿನ ಮೇಲೆ ಕೆಡವಿದರೆ ಗಾಜಿನಂತೆ ಒಡೆಯಬಹುದು. ಅತಿಯಾದ ಗಡಸುತನವೂ ಒಂದು ದೌರ್ಬಲ್ಯವೇ. ಅದನ್ನು ತುಸು ಇಳಿಸಿ, ಬದಲಿಗೆ ತಾಳಿಕೆಯನ್ನು ಪಡೆಯಬೇಕು, ಇದೇ ಹದ.

ಅಲಗನ್ನು ಉಪ್ಪುಕಾಗದದಿಂದ ತಿಕ್ಕಿ ಬೆಳ್ಳಗೆ ಮಾಡಿ, ಕಾದ ದಪ್ಪ ಕಬ್ಬಿಣದ ತುಂಡಿನ ಮೇಲೆ ಬೆನ್ನನ್ನು ತಾಗಿಸಿ ಹಿಡಿಯಬೇಕು. ಆಗ ಬಣ್ಣಗಳು ಬೆನ್ನಿನಿಂದ ಬಾಯಿಯ ಕಡೆಗೆ ಹರಿದು ಬರುತ್ತವೆ. ಮೊದಲು ಮಾಸಲು ಹಳದಿ, ಬಳಿಕ ಒಣಹುಲ್ಲಿನ ಬಣ್ಣ, ಬಳಿಕ ಕಂದು, ನೇರಳೆ, ಕೊನೆಗೆ ನೀಲಿ. ಒಣಹುಲ್ಲಿನ ಬಣ್ಣವು ಬಾಯಿಯನ್ನು ಮುಟ್ಟಿದೊಡನೆ ಅದ್ದಿ ನಿಲ್ಲಿಸಬೇಕು. ಆ ಬಣ್ಣ ಕಾಣುವುದು 230 ಡಿಗ್ರಿ ಸೆಲ್ಸಿಯಸಿನ ಆಸುಪಾಸಿನಲ್ಲಿ. 1795ರಲ್ಲಿ ನಮ್ಮ ಉಕ್ಕಿನ ಚಾಕಿಗೆ ಲಂಡನ್ನಿನಲ್ಲಿ ಹದ ದೊರೆತ ಶಾಖ ಇದೇ! ಬೆನ್ನು ಅಷ್ಟರಲ್ಲಿ ನೀಲಿಗೆ ಬಂದಿರುತ್ತದೆ; ಅಂದರೆ ಅದು ಬಾಯಿಗಿಂತ ಮೆತ್ತಗಾಗಿ ಪೆಟ್ಟನ್ನು ತಾಳುತ್ತದೆ. ಒಂದೇ ಅಲಗಿನಲ್ಲಿ ಕತ್ತರಿಸುವ ಭಾಗಕ್ಕೊಂದು ಹದ, ತಾಳುವ ಭಾಗಕ್ಕೊಂದು ಹದ. ಈ ಬಣ್ಣಗಳು ಕೆಲವು ಕ್ಷಣಗಳಲ್ಲಿ ಹರಿದುಹೋಗುವುದರಿಂದ ಹುಡುಗನ ಚಿತ್ತವು ಬೇರೆಲ್ಲಿಯೂ ಹೋಗುವಂತಿಲ್ಲ. ಬಣ್ಣ ಮೀರಿದರೆ ಮೊದಲಿನಿಂದ ಮತ್ತೆ ಕಾಯಿಸಿ ಅದ್ದಬೇಕು, ಬೇರೆ ದಾರಿಯಿಲ್ಲ.

ಹಿಡಿ ಮತ್ತು ಅಚ್ಚು

ಹಿಡಿಗೆ ಜಾಲಿ, ಹಲಸು, ಬೀಟೆ ಯಾವುದಾದರೂ ಆಗಬಹುದು. ಆದರೆ ಈ ಸೀಮೆಗೆ ಸ್ವಂತವಾದುದು ಮುದಿ ತೆಂಗಿನ ಮರ. ಅದರ ನಡುಭಾಗ ಮೆತ್ತಗೆ, ಕೆಲಸಕ್ಕೆ ಬಾರದು; ಹೊರಭಾಗವು ಕಪ್ಪು ನಾರುಗಳಿಂದ ಕೂಡಿ ಗಟ್ಟಿಯಾಗಿರುತ್ತದೆ. ಚೆನ್ನಾಗಿ ಒಣಗಿದ ತುಂಡನ್ನು ಸೀಳಿ, ಒಂದೇ ಅಳತೆಯ ಎರಡು ಹಲಗೆಗಳನ್ನು ಮಾಡಿ ಉಪ್ಪುಕಾಗದದಿಂದ ಉಜ್ಜಿದರೆ ಗೆರೆಗೆರೆಯಾದ ಅಂದವು ಹೊಮ್ಮುತ್ತದೆ. ಎರಡನ್ನೂ ಜೋಡಿಸಿ ಹಿಡಿದು ಒಟ್ಟಿಗೆ ರಂಧ್ರ ಕೊರೆಯಬೇಕು. ಬೇರೆಬೇರೆಯಾಗಿ ಕೊರೆದ ರಂಧ್ರಗಳು ಒಂದಕ್ಕೊಂದು ಒಪ್ಪುವುದು ಅಪರೂಪ.

ಅಚ್ಚಿಗೆ ಹಿತ್ತಾಳೆಯ ಕಡ್ಡಿ. ಅದರ ಎರಡು ತುದಿಗಳನ್ನೂ ಚಿಕ್ಕ ಸುತ್ತಿಗೆಯಿಂದ ಹಗುರವಾಗಿ, ಸುತ್ತಲೂ ತಟ್ಟುತ್ತ ತಲೆಗಟ್ಟಿಸಬೇಕು. ಬಲವಾದ ಒಂದು ಪೆಟ್ಟು ಮರವನ್ನು ಸೀಳುತ್ತದೆ. ಹಗುರವಾದ ನೂರು ಪೆಟ್ಟು ಹಿತ್ತಾಳೆಯನ್ನು ಅರಳಿಸುತ್ತದೆ. ತಟ್ಟುವಾಗ ಅಲಗಿಗೂ ಹಲಗೆಗೂ ನಡುವೆ ಎಣ್ಣೆ ಹಚ್ಚಿದ ಕಾಗದದ ಒಂದು ಚೂರನ್ನಿಟ್ಟಿರಬೇಕು. ಕೆಲಸ ಮುಗಿದ ಮೇಲೆ ಅದನ್ನು ಎಳೆದುಬಿಟ್ಟರೆ ಕಾಗದದಷ್ಟು ಎಡೆ ಉಳಿಯುತ್ತದೆ. ಆ ಎಡೆಯಿಲ್ಲದಿದ್ದರೆ ಅಲಗು ಅಲುಗದು. ಹೆಚ್ಚಾದರೆ ಅಲಗು ಅಲ್ಲಾಡುತ್ತದೆ, ತಾನಾಗಿ ಬಿಚ್ಚಿಕೊಳ್ಳುತ್ತದೆ. ಬಿಗಿಯೂ ಸಡಿಲವೂ ಅಲ್ಲದ ಈ ಸ್ಥಿತಿಗೂ ಹದವೆಂದೇ ಹೆಸರು. ಬೆಂಕಿಯಲ್ಲಿ ಕಂಡ ಹದವನ್ನು ಹುಡುಗನು ಇಲ್ಲಿ ಎರಡನೆಯ ಸಲ ಕೈಯಲ್ಲಿ ಅರಿಯುತ್ತಾನೆ.

ಕೊನೆಯದು ಸಾಣೆ. ಕಲ್ಲನ್ನು ಒದ್ದೆಮಾಡಿ, ಅಲಗಿನ ಬೆನ್ನನ್ನು ಕೊಂಚವೇ ಎತ್ತಿ, ಸುಮಾರು 20 ಡಿಗ್ರಿ ಓರೆಯಲ್ಲಿ ಒಂದೊಂದು ಪಕ್ಕವನ್ನೂ ಸಮಸಂಖ್ಯೆಯಲ್ಲಿ ಮಸೆಯಬೇಕು. ಕಾಗದದ ಅಂಚನ್ನು ಹರಿಯದೆ ಕತ್ತರಿಸಿದರೆ ಕೆಲಸ ಮುಗಿಯಿತು.

ಪೂರ್ವಪಕ್ಷ ಮತ್ತು ಸಮಾಧಾನ

ಶಾಲೆಯ ಆವರಣದಲ್ಲಿ ಚಾಕುವೇ ಎಂಬ ಆಕ್ಷೇಪ ಸಹಜವಾದುದು. ಅದನ್ನು ಲಘುವಾಗಿ ತಳ್ಳಿಹಾಕಲಾಗದು. ರಾಂಪುರಿ ಚಾಕಿನ ಹೆಸರು ಚಲಚಿತ್ರಗಳ ಮೂಲಕ ಗಳಿಸಿದ ಅಪಕೀರ್ತಿ ಎಲ್ಲರಿಗೂ ತಿಳಿದದ್ದೇ. ಜಪಾನಿನ ಮಿಕಿ ಎಂಬ ಊರಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹುಟ್ಟಿದ ಹಿಗೊನೊಕಾಮಿ ಎಂಬ ಮಡಚುಚಾಕು ಇಲ್ಲಿ ವಿವರಿಸಿದ ಚಾಕಿನಂತೆಯೇ ಬಾಲವುಳ್ಳದ್ದು. ಪೆನ್ಸಿಲ್ ಕೆತ್ತುವುದಕ್ಕಾಗಿ ಅಲ್ಲಿನ ಶಾಲಾಬಾಲಕರ ಜೇಬಿನಲ್ಲಿರುತ್ತಿತ್ತು. 1960ರ ದಶಕದಲ್ಲಿ ಮಕ್ಕಳ ಕೈಗೆ ಚಾಕು ಕೊಡಬಾರದೆಂಬ ಚಳವಳಿ ನಡೆದು ಅದು ಶಾಲೆಗಳಿಂದ ಮರೆಯಾಯಿತು. ತಾಯಿತಂದೆಗಳ ಭಯವು ಯಾವ ದೇಶದಲ್ಲಿಯೂ ಒಂದೇ.

ಇದಕ್ಕೆ ಸಮಾಧಾನವೇನೆಂದರೆ: ಬುಗುಟೆಯಿಲ್ಲದ ಮಡಚುಚಾಕು ಸ್ವಭಾವತಃ ಆಯುಧವಾಗಲಾರದು. ಮೊನೆಯಿಂದ ಇರಿಯಹೋದರೆ ಅಲಗು ಮಡಚಿಕೊಂಡು ಇರಿಯುವವನ ಬೆರಳುಗಳ ಮೇಲೆಯೇ ಬೀಳುತ್ತದೆ. ಬಾಯಿಯನ್ನು ಮೆಲ್ಲಗೆ ಎಳೆದು ಕೆತ್ತುವ, ಸುಲಿಯುವ, ಕಸಿಕಟ್ಟುವ ಕೆಲಸಕ್ಕೆ ಮಾತ್ರ ಅದು ಒಲಿಯುತ್ತದೆ. ಎರಡನೆಯದಾಗಿ, ಹತ್ತು ದಿನ ಬೆವರಿಳಿಸಿ ಒಂದು ಅಲಗನ್ನು ಮಾಡಿದ ಬಾಲಕನು ಅದರ ಬಾಯಿಗೆ ಅಂಜುವುದನ್ನೂ ಕಲಿತಿರುತ್ತಾನೆ. ಆದರೂ ವ್ಯವಸ್ಥೆ ಅಗತ್ಯ. ಕೆಲಸ ನಡೆಯುವಷ್ಟು ಕಾಲವೂ ಅಲಗುಗಳು ಎಣಿಕೆಗೆ ಒಳಪಟ್ಟು ಬೀಗದ ಕಪಾಟಿನಲ್ಲಿರಬೇಕು. ಕಣ್ಣಿಗೆ ಕನ್ನಡಕ, ಕಾಲಿಗೆ ಮುಚ್ಚಿದ ಪಾದರಕ್ಷೆ ಕಡ್ಡಾಯವಾಗಬೇಕು. ಬೆಂಕಿಯ ಬಳಿಗೆ ಒಮ್ಮೆಗೆ ಒಬ್ಬನೇ ಹೋಗಬೇಕು. ಮುಗಿದ ಚಾಕನ್ನು ಹುಡುಗನ ಕೈಗಲ್ಲದೆ ಅವನ ತಾಯಿತಂದೆಗಳ ಕೈಗೆ ಒಪ್ಪಿಸಬೇಕು.

ಶಾಲೆಗೆ ಸಲ್ಲುವ ಮಾತು

ಕೈಕೆಲಸವನ್ನು ವಿದ್ಯೆಯ ನಡುಮನೆಗೆ ತರಬೇಕೆಂಬ ಮಾತು ಹೊಸದಲ್ಲ. 1937ರ ವಾರ್ಧಾ ಶಿಕ್ಷಣ ಸಮ್ಮೇಳನ ಅದನ್ನು ಹೇಳಿತು; 1964-66ರ ಕೊಠಾರಿ ಆಯೋಗವು ಕಾರ್ಯಾನುಭವವೆಂಬ ಹೆಸರಿನಿಂದ ಹೇಳಿತು; 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯವರೆಗಿನ ಮಕ್ಕಳು 10 ದಿನ ಪುಸ್ತಕದ ಚೀಲವಿಲ್ಲದೆ ಸ್ಥಳೀಯ ಕಸುಬುದಾರರ ಬಳಿ ಕಲಿಯಬೇಕೆಂದು ಸೂಚಿಸಿತು. ಇವೆಲ್ಲಕ್ಕೂ ಬಹು ಹಿಂದೆ ಹನ್ನೆರಡನೆಯ ಶತಮಾನದ ಶರಣರ ಸಮೂಹದಲ್ಲಿ ಬಡಗಿಯೊಬ್ಬನು ತನ್ನ ಉಪಕರಣದ ಹೆಸರನ್ನೇ ಹೊತ್ತು, ಬಾಚಿಕಾಯಕದ ಬಸವಯ್ಯನೆಂದು ವಚನಕಾರರ ಸಾಲಿನಲ್ಲಿ ಕುಳಿತಿದ್ದನು. ಮಾತಿಗೆ ಕೊರತೆಯಿಲ್ಲ, ಕುಲುಮೆಗೆ ಕೊರತೆ.

ಮೇಲೆ ಹೇಳಿದ ಕೆಲಸವು ಹತ್ತು ದಿನಕ್ಕೆ ಸರಿಯಾಗಿ ಹೊಂದುತ್ತದೆ. ಮೊದಲ ದಿನ ರಟ್ಟು. ಮೂರು ದಿನ ಅರ. ಐದನೆಯ ದಿನ ಬೆಂಕಿ ಮತ್ತು ಎಣ್ಣೆ. ಆರನೆಯ ದಿನ ಹದ. ಎರಡು ದಿನ ಹಿಡಿ. ಒಂಬತ್ತನೆಯ ದಿನ ಅಚ್ಚು. ಹತ್ತನೆಯ ದಿನ ಸಾಣೆ. ಎಂಟನೆಯ ತರಗತಿಯ ಹತ್ತು ಮಂದಿಯಿಂದ ಆರಂಭಿಸಿದರೆ ಸಾಕು. ಇದಕ್ಕೆ ಬೇಕಾದುದು ಶಾಲೆಯ ಹಿತ್ತಿಲಲ್ಲಿ ಒಂದು ಹೆಂಚಿನ ಚಪ್ಪರ, ಒಂದು ಅಡಿಗಲ್ಲು, ಒಂದು ತಿದಿ, ನಾಲ್ಕು ವೈಸು, ಕೆಲವು ಅರಗಳು. ಕರಟವನ್ನು ಮಕ್ಕಳೇ ಮನೆಯಿಂದ ತರಬಲ್ಲರು. ದಾನಿಗಳು ಕಟ್ಟಿಸಿಕೊಡುವ ಕೊಠಡಿಗಳ ವೆಚ್ಚದೆದುರು ಇದು ಗಣನೆಗೆ ಬಾರದಷ್ಟು ಅಲ್ಪ. ಹಳೆಯ ವಿದ್ಯಾರ್ಥಿಗಳಲ್ಲಿ ಯಂತ್ರಶಾಸ್ತ್ರ ಕಲಿತವರು ತಮ್ಮ ರಜೆಯ ಎರಡು ದಿನಗಳನ್ನು ಇದಕ್ಕಾಗಿ ಕೊಡಬಹುದು.

ಆದರೆ ಇವೆಲ್ಲಕ್ಕಿಂತ ಮುಖ್ಯವಾದುದು ಕಮ್ಮಾರನನ್ನು ಕರೆಯುವ ರೀತಿ. ಕೂಲಿಯಾಳನ್ನು ಕರೆಯುವಂತೆ ಹಿತ್ತಿಲ ಬಾಗಿಲಿನಿಂದ ಕರೆಯಬಾರದು. ಉಪಾಧ್ಯಾಯರ ಪಕ್ಕದಲ್ಲಿ ಕುರ್ಚಿ ಹಾಕಿ, ಗೌರವಧನವನ್ನು ಗೊತ್ತುಪಡಿಸಿ, ಹಾಜರಿ ಪುಸ್ತಕದಲ್ಲಿ ಹೆಸರು ಬರೆದು ಕರೆಯಬೇಕು. ಒಣಹುಲ್ಲಿನ ಬಣ್ಣ ಅಲಗಿನ ಬಾಯಿಯನ್ನು ಮುಟ್ಟುವ ಕ್ಷಣವನ್ನು ಬಲ್ಲ ಕಣ್ಣು ಅವನದು. ಆ ಕಣ್ಣು ಇನ್ನೂ ನಮ್ಮ ಊರುಗಳಲ್ಲಿ ಅಲ್ಲಲ್ಲಿ ಉಳಿದಿದೆ. ಅದರ ಪಾಠವನ್ನು ಮುಂದಿನ ತಲೆಮಾರು ಪಡೆಯಬೇಕಾದರೆ ಅದು ಉಳಿದಿರುವಾಗಲೇ ಪಡೆಯಬೇಕು.